ದಿನಾ ಚಿತ್ತಾರ ಬರೆಯಲು ಮನಸ್ಸೇ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಸಿದ್ದಾಪುರ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 42. ನಮ್ಮಜ್ಜಿ ಮದುವೆ ಮನೆಗಳಲ್ಲಿ ಹಸೆಗೋಡೆ ಚಿತ್ತಾರ (ಮದುಮಕ್ಕಳು ಕೂರುವ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಎಳೆಯುವ ಗೆರೆಚಿತ್ರ) ಬರೆಯುತ್ತಿದ್ದರು, ನಾನು ಕಲಿತಿದ್ದೂ ಅವರಿಂದಲೇ. ಈ ಜನವರಿಯಲ್ಲಿ ಹಲಗೆಯ ಮೇಲೆ ಬರೆದು ಮಾರಲು ಶುರು ಮಾಡಿದೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಒಂದು ವಿಡಿಯೋದಲ್ಲಿ ಕೇಳಿ, ಬೆಳಗ್ಗೆ 5ಕ್ಕೆ ಎದ್ದು ದಿನಾ ಒಂದೂವರೆ ಗಂಟೆ ಕೂತೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಬೆಂಗಳೂರಿನ ಒಂದು ಅಂಗಡಿಯವರು ಒಂದೇ ಮಾದರಿಯ 40 ಹಲಗೆ ಕೇಳಿದರು, ಒಂದಕ್ಕೆ 350 ರೂಪಾಯಿ. ರಾತ್ರಿ 12ರವರೆಗೆ ಕೂತು ಎರಡು ತಿಂಗಳಲ್ಲಿ ಮುಗಿಸಿಕೊಟ್ಟೆ. ಅಷ್ಟರಲ್ಲಿ ಮಳೆ ಹಿಡಿಯಿತು. ಈಗ ನಾರಿನ ಕುಂಚ ಕೈಗೆತ್ತಿಕೊಂಡರೆ ಬೇಸರ. ಕೂತ ಸ್ವಲ್ಪ ಹೊತ್ತಿಗೇ ತಲೆನೋವು, ಏನೋ ಮನೆಗೆಲಸ ನೆನಪಾಗಿ ಎದ್ದುಬಿಡುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಬೇರೆಯವರು ದಿನಾ ಒಂದೊಂದು ಹಾಕುತ್ತಾರೆ. ಅಜ್ಜಿಗೆ ಬೇಸರ ಬಂದದ್ದು ನಾನು ನೋಡಿಯೇ ಇಲ್ಲ. ‘ಮನಸ್ಸಿಲ್ಲದಿದ್ದರೆ ಬಿಟ್ಟುಬಿಡು’ ಅಂತಾರೆ ನಮ್ಮ ಯಜಮಾನರು. ನನ್ನಲ್ಲಿದ್ದ ಕಲೆ ಮುಗಿಯಿತಾ? ಇದು ಡಿಪ್ರೆಶನ್ನಾ? ಅಂಗಡಿಯವರು ದೀಪಾವಳಿಗೆ ಅಂಥದೇ 60 ಹಲಗೆ ಬೇಕು ಅಂತಿದ್ದಾರೆ. ಒಪ್ಪಿಕೊಳ್ಳಲೇ, ಬೇಡವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದೇ ಗಂಟಾಗಿವೆ. ಕಲೆ ಮುಗಿಯಿತೇ, ಇದು ಕಾಯಿಲೆಯೇ, 60 ಹಲಗೆ ಒಪ್ಪಬೇಕೇ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಚಿಕ್ಕಂದಿನಿಂದ ಕೈಗೆ ಕೂತ ಎಳೆ, ಅಂದರೆ ಚಿತ್ತಾರದ ಗೆರೆ, ಮೂರು ತಿಂಗಳ ಬೇಸರಕ್ಕೆ ಹೋಗುವುದಿಲ್ಲ. ಕೈಯೇ ತಪ್ಪಿದ್ದರೆ ‘ಎಳೆ ನೇರ ಬರುತ್ತಿಲ್ಲ’ ಎಂದು ಬರೆಯುತ್ತಿದ್ದಿರಿ. ನಿಮ್ಮ ದೂರು ಕೂರಲು ಆಗುತ್ತಿಲ್ಲ ಎಂಬುದು. ಅದಕ್ಕೆ ಕಾರಣ ಹುಡುಕುವಾಗ ಎಲ್ಲರೂ ಮೊದಲು ಮನಸ್ಸನ್ನೇ ಅನುಮಾನಿಸುತ್ತಾರೆ. ದಿನಾ ಕೈಕೆಲಸ ಮಾಡುವ ಕಲಾವಿದರು ಇದೇ ದೂರು ತಂದಾಗ ನಾನು ಮನಸ್ಸಿನ ವಿಚಾರಕ್ಕೆ ಬರುವುದು ಕೊನೆಗೆ. ಮೊದಲು ಕೇಳುವುದು ಕಣ್ಣು, ಬಲ್ಬು, ತಯಾರಿಗೆ ಹಿಡಿಯುವ ಹೊತ್ತು, ಕೈಗೆ ಬಂದ ಕಾಸು. ನಿಮ್ಮ ಪತ್ರದಲ್ಲಿ ಈ ನಾಲ್ಕರ ಸುಳಿವೂ ಇದೆ.

ಕಾಯಿಲೆಯ ಮಾತು ಮೊದಲೇ ಮುಗಿಸೋಣ. ಖಿನ್ನತೆ ಸಾಮಾನ್ಯವಾಗಿ ಒಂದೇ ಕೆಲಸವನ್ನು ಆರಿಸಿಕೊಂಡು ಬರುವುದಿಲ್ಲ. ಮಕ್ಕಳ ಜತೆ ಮಾತು, ಇಷ್ಟದ ಅಡುಗೆ, ಅಂಗಳದ ಹೂವಿನ ಗಿಡ, ಊರಿಗೆ ಬಂದ ಯಕ್ಷಗಾನದ ಆಟ, ಯಾವುದರಲ್ಲೂ ರುಚಿಯಿಲ್ಲದೆ, ದಿನದ ಹೆಚ್ಚಿನ ಹೊತ್ತು ಮಂಕು ಕವಿದು, ಅದು ಎರಡು ವಾರ ದಾಟಿದ್ದರೆ ವೈದ್ಯರನ್ನು ಕಾಣಿ. ನಿದ್ದೆ, ಹಸಿವು ಏರುಪೇರಾಗುವುದು, ‘ನನ್ನಿಂದ ಯಾರಿಗೇನು ಉಪಯೋಗ’ ಎನ್ನಿಸುವುದು ಕೂಡ ಅದರ ಲಕ್ಷಣಗಳೇ. ಬದುಕೇ ಸಾಕೆಂಬ ಯೋಚನೆ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಅಂದೇ ಮಾತಾಡಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲೆಯ ವೈದ್ಯಕೀಯ ಕಾಲೇಜು ಇರುವುದು ಕಾರವಾರದಲ್ಲಿ. ನಿಮ್ಮ ಊರಿಂದ ಘಟ್ಟ ಇಳಿದು ಹೋಗುವುದಕ್ಕಿಂತ ಶಿವಮೊಗ್ಗದ ವೈದ್ಯಕೀಯ ಕಾಲೇಜು ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನುಕೂಲವಾದೀತು. ಇದರ ಜತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಅಂಥವರಲ್ಲಿ ಎಷ್ಟೋ ಜನ ‘ಯಾವುದರ ಮೇಲೂ ಮನಸ್ಸಿಲ್ಲ’ ಎಂದೇ ಹೇಳುತ್ತಾರೆ. ಅವರಿಗೆ ಹೆಚ್ಚಾಗಿ ಬೇಕಾದದ್ದು ಕಬ್ಬಿಣಾಂಶದ ಗುಳಿಗೆ, ಬುದ್ಧಿಮಾತು ಕೇಳಿ ಪ್ರಯೋಜನವಿಲ್ಲ.

ಈಗ ತಲೆನೋವು. 42 ವರ್ಷ, ಹತ್ತಿರದ ಸೂಕ್ಷ್ಮ ಕೆಲಸ, ಕೂತ ಸ್ವಲ್ಪ ಹೊತ್ತಿಗೆ ನೋವು. ಚಾಳೀಸು ಬಂದಿರುವ ಸಾಧ್ಯತೆ ದೊಡ್ಡದು. ನಲವತ್ತರ ಆಸುಪಾಸಿನಲ್ಲಿ ಕಣ್ಣಿನ ಮಸೂರದ ಬಾಗುವ ಗುಣ ಕಡಿಮೆಯಾಗುತ್ತದೆ, ಹತ್ತಿರದ್ದನ್ನು ಹಿಡಿದಿಡಲು ಕಣ್ಣು ಹೆಣಗುತ್ತದೆ. ಪತ್ರಿಕೆ ಓದುವಾಗ ದೂರ ಹಿಡಿದರೆ ನಡೆಯುತ್ತದೆ. ಚಿತ್ತಾರದಲ್ಲಿ ಮೂರೆಳೆಯ ನಡುವಿನ ಸಂದು ಕಾಣಬೇಕೆಂದರೆ ಹಲಗೆ ಹತ್ತಿರವೇ ಇರಬೇಕು. ಬರೆಯುವಾಗ ನಿಮಗೇ ತಿಳಿಯದಂತೆ ಹಲಗೆಯನ್ನು ಆಚೆ ತಳ್ಳುತ್ತಿದ್ದೀರಾ, ಜೋಡಿ ಎಳೆ ಒಂದೇ ದಪ್ಪ ಗೆರೆಯಂತೆ ಕಾಣುತ್ತದೆಯೇ, ಗಮನಿಸಿ. ಹೌದಾದರೆ ಓದುವ ಕನ್ನಡಕ ಬೇಕು. ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕದಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ನಿಮ್ಮ ಕಣ್ಣುಗಳು ಹಾಗಿರಲಿಕ್ಕಿಲ್ಲ. ಪರೀಕ್ಷೆ ಮಾಡಿಸಿಯೇ ತೆಗೆದುಕೊಳ್ಳಿ. ನೀವು ಬರೆಯುವ ದೂರ ಎಷ್ಟೆಂದು ಅಳೆದುಕೊಂಡು ಹೋಗಿ ಹೇಳಿದರೆ ಇನ್ನೂ ಒಳ್ಳೆಯದು.

ಬೆಳಗ್ಗೆ 5 ಗಂಟೆ ಎಂದರೆ ಮಳೆಗಾಲದಲ್ಲಿ ರಾತ್ರಿಯೇ. ಮಾಡಿನ ನಡುವೆ ತೂಗುವ ಬಲ್ಬಿಗೆ ಬೆನ್ನು ಹಾಕಿ ಕೂತರೆ ನಿಮ್ಮ ತಲೆಯ ನೆರಳು ಹಲಗೆಯ ಮೇಲೆ, ಕೈಯ ನೆರಳು ಕುಂಚದ ತುದಿಯ ಮೇಲೆ. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು. ಹೋಲ್ಡರಿಗೆ 9 ವ್ಯಾಟಿನ ಬಿಳಿ ಎಲ್‌ಇಡಿ ಬಲ್ಬು ಹಾಕಿ, ಎಡಗಡೆ ಒಂದೂವರೆ ಎರಡು ಅಡಿ ಎತ್ತರಕ್ಕೆ ಕಟ್ಟಿಕೊಳ್ಳಿ. ಕೆಮ್ಮಣ್ಣಿನ ಮೇಲೆ ಬಿಳಿ ಎಳೆ ಹೇಗೂ ಕಾಣುತ್ತದೆ, ಕಪ್ಪು ಎಳೆಗೇ ಕಣ್ಣು ಸೋಲುವುದು. ಒಂದು ಚಿಕ್ಕ ಪ್ರಯೋಗ ಮಾಡಿ ನೋಡಿ. ಮೂರು ದಿನ ಬೆಳಗಿನ ಕೆಲಸ ಬಿಟ್ಟು, ಹನ್ನೊಂದರ ಸುಮಾರಿಗೆ ಕಿಟಕಿಯ ಪಕ್ಕ ಕೂತು ಬರೆಯಿರಿ. ಬೇಸರ ಬರುವ ಹೊತ್ತು ಹದಿನೈದು ನಿಮಿಷದಿಂದ ಮುಕ್ಕಾಲು ಗಂಟೆಗೆ ಸರಿದರೆ, ಅದರಲ್ಲಿ ಅರ್ಧ ಬೇಸರ ಕಣ್ಣಿನದು.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ನಿಮ್ಮನ್ನು ಹೆಚ್ಚು ಕುಗ್ಗಿಸುತ್ತಿರುವುದು ಈ ಹೋಲಿಕೆಯೇ ಎಂದು ನನ್ನ ಅಂದಾಜು. ಅಜ್ಜಿ ಹಸೆ ಬರೆದದ್ದು ಯಾವಾಗ? ಮದುವೆ ಗೊತ್ತಾದಾಗ ಗೋಡೆಗೆ, ಭೂಮಿ ಹುಣ್ಣಿಮೆ ಬಂದಾಗ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ. ಅಲ್ಲಿ ಮುಗಿಸಲೇಬೇಕಾದ ದಿನವಿತ್ತು. ಬರೆಯುವ ಗೋಡೆ ಯಾವುದೆಂದು ಮೊದಲೇ ಗೊತ್ತಿತ್ತು. ಮಣ್ಣು ಕಲಸಲು, ಅಕ್ಕಿ ಅರೆಯಲು ನಾಲ್ಕು ಕೈ ಇದ್ದವು, ಹಾಡು ಹೇಳಲು ಓರಗೆಯವರಿದ್ದರು. ಮದುಮಕ್ಕಳು ಅದರ ಮುಂದೆ ಕೂರುತ್ತಿದ್ದರು, ನೆಂಟರು ನೋಡಿ ಒಂದು ಮಾತಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಮುಂದಿನ ಮದುವೆಯವರೆಗೆ ಬಿಡುವು. ಈ ವರ್ಷ ನೀವು ಚಿತ್ತಾರಕ್ಕೆ ಕೂತಷ್ಟು ದಿನ ಅಜ್ಜಿ ಯಾವ ವರ್ಷವೂ ಕೂತಿರಲಿಕ್ಕಿಲ್ಲ. ದಿನಾ ಬರೆಯಬೇಕಾದ ಕಷ್ಟವೇ ಅವರಿಗಿರಲಿಲ್ಲ, ಅವರ ಬೇಸರ ನಿಮಗೆ ಕಾಣದಿದ್ದುದು ಅದಕ್ಕೇ. ಅವರಿಗೆ ಊರು ಮಾಡಿಕೊಡುತ್ತಿದ್ದ ಏರ್ಪಾಡನ್ನೆಲ್ಲ ನೀವು ಒಬ್ಬರೇ, ಬೆಳಗಿನ ಜಾವ ಎದ್ದು, ಪ್ರತಿದಿನ ಹೊಸದಾಗಿ ಮಾಡಿಕೊಳ್ಳುತ್ತಿದ್ದೀರಿ. ಉತ್ಸಾಹ ಎಂದು ನಾವು ಕರೆಯುವುದರ ಬಹುಪಾಲು ಆ ಏರ್ಪಾಡಿನ ಫಲ.

21 ದಿನದ ಮಾತು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್, ಶಸ್ತ್ರಚಿಕಿತ್ಸೆಯ ನಂತರ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು, ಸಂಖ್ಯೆ ಮಾತ್ರ ಉಳಿಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಹಿಡಿಯುವ ಕಾಲ ಸರಾಸರಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ, ಕೆಲಸದಿಂದ ಕೆಲಸಕ್ಕೆ ಅದು 18ರಿಂದ 254 ದಿನದವರೆಗೆ ಬದಲಾಗುತ್ತಿತ್ತು (12 ವಾರ ದಾಟಿದ ಸಂಖ್ಯೆಗಳು ಲೆಕ್ಕ ಹಾಕಿ ಅಂದಾಜಿಸಿದವು). ಅವೆಲ್ಲ ಊಟದ ಜತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ಓಡುವುದು, ಇಂಥ ಸರಳ ಕೆಲಸಗಳು. ಅದರಲ್ಲಿ ನಿಮಗೆ ಉಪಯೋಗವಾಗುವ ಸಂಗತಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಹಬ್ಬ, ನೆಂಟರು, ಜ್ವರ ಎಂದು ಒಂದು ದಿನ ಹೋದರೆ ‘ಎಲ್ಲ ಕೆಟ್ಟಿತು’ ಎಂದು ಕೈಚೆಲ್ಲಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದದ್ದು, ಚಿತ್ತಾರ ಬರೆಯುವುದು ರೂಢಿಯಾಗುವ ಕೆಲಸವೇ ಅಲ್ಲ. ಮಣೆಯ ಮೇಲೆ ಕೂತು ಕುಂಚ ನೀರಿಗೆ ಅದ್ದುವವರೆಗಿನದು ರೂಢಿಯಾದೀತು. ಆಮೇಲಿನ ಪ್ರತಿ ಎಳೆಗೂ ಗಮನ ಬೇಕು, ಅದು 200ನೇ ದಿನವೂ ಶ್ರಮವೇ. ಇಷ್ಟು ತಿಂಗಳಾದರೂ ಸಲೀಸಾಗಲಿಲ್ಲ ಎಂದರೆ ನಿಮ್ಮಲ್ಲೇನೋ ಕೊರತೆಯಿದೆ ಎಂದು ಅರ್ಥವಲ್ಲ.

‘ಮನಸ್ಸು ಬಂದಾಗ ಮಾಡಿದರೆ ಒಳ್ಳೆಯದು ಬರುತ್ತದೆ’ ಎಂಬ ನಂಬಿಕೆಯೂ ಇದೆ. ಯಜಮಾನರ ಮಾತಿನ ಹಿಂದಿರುವುದು ಅದೇ. ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞ ಬರವಣಿಗೆ ನಿಂತುಹೋಗಿದ್ದ 27 ಅಧ್ಯಾಪಕರ ಮೇಲೆ ಪ್ರಯೋಗ ಮಾಡಿ 1983ರಲ್ಲಿ ಪ್ರಕಟಿಸಿದರು. ಒಂದು ಗುಂಪಿನವರು ಬರೆಯುವಂತಿಲ್ಲ, ಇನ್ನೊಂದು ಗುಂಪಿನವರು ಮನಸ್ಸು ಬಂದರೆ ಬರೆಯಬಹುದು, ಮೂರನೆಯವರು ಗೊತ್ತುಮಾಡಿದ ಹೊತ್ತಿಗೆ ಬರೆಯಲೇಬೇಕು. ಮೂರನೆಯವರು ಬರೆದದ್ದೂ ಹೆಚ್ಚು, ಅವರಿಗೆ ಹೊಸ ಯೋಚನೆಗಳು ಹೊಳೆದದ್ದೂ ಹೆಚ್ಚು. ತಪ್ಪಿಸಿದವರು ತಾವು ದ್ವೇಷಿಸುವ ಸಂಸ್ಥೆಗೇ ದುಡ್ಡು ಕೊಡಬೇಕೆಂಬ ತಮಾಷೆಯ ದಂಡವೂ ಅದರಲ್ಲಿತ್ತು. ಚಿಕ್ಕ ಗುಂಪು, ಅದೂ ಬರವಣಿಗೆಯವರು, ಹಾಗಾಗಿ ಇದನ್ನು ಚಿತ್ತಾರಕ್ಕೆ ಇದ್ದಂತೆ ಎತ್ತಿಡಲಾಗದು. ಆದರೂ ಕೂತ ಮೇಲೆ ಮನಸ್ಸು ಹಿಂದೆ ಬರುತ್ತದೆ ಎಂಬಷ್ಟು ಮಟ್ಟಿಗೆ ನನ್ನ ಕೆಲಸದಲ್ಲಿ ಕಂಡದ್ದಕ್ಕೂ ಅದಕ್ಕೂ ತಾಳೆಯಾಗುತ್ತದೆ. ದಂಡ ಹಾಕಿಕೊಳ್ಳುವ ಉಪಾಯವನ್ನು ಮಾತ್ರ ನಿಮಗೆ ಹೇಳುವುದಿಲ್ಲ. ಕಾರಣ ಆ 40 ಹಲಗೆ.

ಆ ಆರ್ಡರಿನ ಲೆಕ್ಕ ಹಾಕೋಣ. ಒಂದು ಅಡಿ ಚೌಕದ ಹಲಗೆಗೆ ಎಳೆ ಬರೆಯಲು ಮೂರು ಗಂಟೆ, ಬುಡದ ಬಣ್ಣ, ಅಕ್ಕಿ ಅರೆಯುವುದು, ತೊಳೆಯುವುದು, ಕಟ್ಟುವುದು ಎಂದು ಒಂದು ಗಂಟೆ, ಒಟ್ಟು ನಾಲ್ಕು ಗಂಟೆ ಎಂದಿಟ್ಟುಕೊಳ್ಳುತ್ತೇನೆ. ನಿಮ್ಮದು ಬೇರೆಯಿದ್ದರೆ ಅದನ್ನೇ ಹಾಕಿಕೊಳ್ಳಿ. 40 ಹಲಗೆಗೆ 160 ಗಂಟೆ. ಬಂದದ್ದು 14,000 ರೂಪಾಯಿ. ಹಲಗೆ, ಬಣ್ಣ, ರಟ್ಟಿನ ಪೆಟ್ಟಿಗೆಗೆ ಒಂದಕ್ಕೆ 60ರಂತೆ 2,400 ಕಳೆದರೆ 11,600. ಗಂಟೆಗೆ 72 ರೂಪಾಯಿ 50 ಪೈಸೆ. ಅದೂ ರಾತ್ರಿ 12ಕ್ಕೆ ಮಲಗಿ ಬೆಳಗ್ಗೆ 5ಕ್ಕೆ ಎದ್ದು. ಎರಡು ತಿಂಗಳು ದಿನಕ್ಕೆ ಐದು ಗಂಟೆಯೂ ನಿದ್ದೆಯಿಲ್ಲದೆ ಮಾಡಿದ ಕೆಲಸ ಮತ್ತೆ ಕರೆದರೆ ದೇಹ ಹಿಂಜರಿಯುವುದು ಸಹಜ. ಈ ಲೆಕ್ಕವನ್ನು ನೀವು ಕಾಗದದ ಮೇಲೆ ಮಾಡಿರಲಿಕ್ಕಿಲ್ಲ. ಒಳಗೊಳಗೇ ಮಾಡಿದ್ದೀರಿ, ‘ಬೇಸರ’ ಎನ್ನುವ ಹೆಸರಿನಲ್ಲಿ ಹೊರಬಂದಿದೆ.

ದುಡ್ಡಿಗೂ ಚಿತ್ರಕ್ಕೂ ಇರುವ ನಂಟಿನ ಬಗ್ಗೆ 1973ರ ಒಂದು ಪ್ರಸಿದ್ಧ ಪ್ರಯೋಗವಿದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಸ್ಕೆಚ್ ಪೆನ್ನಿನಲ್ಲಿ ಬರೆಯುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಬಹುಮಾನ ಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಬರೆಸಿದರು. ಒಂದೆರಡು ವಾರದ ನಂತರ ಆಟದ ಹೊತ್ತಿನಲ್ಲಿ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದಾಗ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಹೊತ್ತು ಉಳಿದವರದರ ಅರ್ಧದಷ್ಟು. ಹೇಳದೆ ಕೇಳದೆ ಕೊನೆಗೆ ಬಹುಮಾನ ಪಡೆದ ಮಕ್ಕಳ ಆಸೆ ಕಡಿಮೆಯಾಗಿರಲಿಲ್ಲ. ಇದರಿಂದ ‘ಕಲೆಗೆ ದುಡ್ಡು ತೆಗೆದುಕೊಳ್ಳಬಾರದು’ ಎಂದು ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ. ಆಸೆಯಿಂದ ಮಾಡುತ್ತಿದ್ದ ಕೆಲಸ ‘ಇಷ್ಟಕ್ಕೆ ಇಷ್ಟು’ ಎಂಬ ಕರಾರಿಗೆ ಪೂರ್ತಿ ಬಿದ್ದರೆ ಕರಾರು ಮುಗಿದ ದಿನ ಕೈಯೂ ನಿಲ್ಲಬಹುದು ಎಂಬಷ್ಟು ಎಚ್ಚರ ಸಾಕು. ನಿಮ್ಮ 40ರಲ್ಲಿ ಮಾದರಿ ಅವರದು, ಅಳತೆ ಅವರದು, ದಿನ ಅವರದು. ನಿಮ್ಮದಾಗಿ ಒಂದು ಎಳೆಯೂ ಉಳಿದಿರಲಿಲ್ಲ.

ಮಳೆಯೂ ತನ್ನ ಪಾಲಿನ ಕೆಲಸ ಮಾಡಿದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರೆ ಅಂಚಿನಿಂದ ಥಂಡಿ ಹೀರಿ ಉಬ್ಬುತ್ತದೆ. ಒಂದೇ ಮೈಗೆ ಬಣ್ಣ ಬಳಿದರೆ ಬಾಗುತ್ತದೆ, ಹಿಂದೆ ಮುಂದೆ ಅಂಚು ಮೂರಕ್ಕೂ ಬಳಿಯಬೇಕು. ಕೆಮ್ಮಣ್ಣಿನ ಬುಡ ಪೂರ್ತಿ ಒಣಗದೆ ಎಳೆ ಹಾಕಿದರೆ ಬಿಳಿ ಹರಡಿ ಅಂಚು ಹರಿದಂತಾಗುತ್ತದೆ. ಒಣಗಿದೆಯೇ ಎಂದು ನೋಡಲು ಅಂಗೈ ಬೇಡ, ಹಿಂಗೈ ತಾಗಿಸಿ. ತಣ್ಣಗಿದ್ದರೆ ಒಳಗೆ ನೀರಿದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೇಗ ಒಣಗುತ್ತದೆ ನಿಜ, ಹೊಗೆ ಹಿಡಿದು ಕೆಂಪು ಮಂಕಾಗುತ್ತದೆ. ಫ್ಯಾನಿನ ಕೆಳಗೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿಡುವುದೇ ಸರಿ, ಕರೆಂಟು ಇದ್ದರೆ.

ಈ ವಿವರವನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಬೆಳಗ್ಗೆ ಎದ್ದು ಹಲಗೆ ಒರೆಸಿ, ಬುಡ ಬಳಿದು, ಅಕ್ಕಿ ಅರೆದು, ಸೋಸಿ, ಕುಂಚ ಹದ ಮಾಡಿ ಕೂರುವಷ್ಟರಲ್ಲಿ ನಿಮ್ಮ ತೊಂಬತ್ತು ನಿಮಿಷದಲ್ಲಿ ನಲವತ್ತಾದರೂ ಹೋಗಿರುತ್ತದೆ. ಮನಸ್ಸು ಹೆದರುವುದು ಆ ನಲವತ್ತು ನಿಮಿಷಕ್ಕೆ. ತಯಾರಿಯನ್ನೂ ಎಳೆಯನ್ನೂ ಬೇರೆ ಬೇರೆ ದಿನಕ್ಕೆ ಹಾಕಿ. ವಾರದಲ್ಲಿ ಒಂದು ಮಧ್ಯಾಹ್ನ ಆರು ಹಲಗೆಗೆ ಒಟ್ಟಿಗೆ ಬುಡ ಬಳಿದಿಡಿ. ಈ ಕೆಲಸವನ್ನು ಯಜಮಾನರಿಗೇ ಒಪ್ಪಿಸಬಹುದು. ಬಿಟ್ಟುಬಿಡು ಎನ್ನುವವರು ಆರು ಹಲಗೆ ತಮ್ಮ ಕೈಯಾರೆ ಬಳಿದ ಮೇಲೆ ಹಾಗೆ ಹೇಳುವುದು ಕಡಿಮೆ. ಬಿಳಿಗೆ ಒಂದು ಹಿಡಿ ಅಕ್ಕಿ ರಾತ್ರಿ ನೆನೆಹಾಕಿ, ಬೆಳಗಿನ ಅಡುಗೆಯ ರುಬ್ಬುವಿಕೆಯ ಜತೆಗೇ ನುಣ್ಣಗೆ ಅರೆದು ತೆಳು ಬಟ್ಟೆಯಲ್ಲಿ ಸೋಸಿಡಿ. ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ, ಹುಳಿತ ಹಿಟ್ಟಿನ ಎಳೆ ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಪುಂಡಿ ನಾರಿನ ಕುಂಚ ಬಣ್ಣಕ್ಕೊಂದರಂತೆ ಇರಲಿ. ಕೆಲಸ ಮುಗಿದ ಕೂಡಲೇ ತೊಳೆದು ತುದಿ ಕೆಳಗೆ ಮಾಡಿ ತೂಗುಹಾಕಿ. ನಾರಿನೊಳಗೆ ಅಕ್ಕಿ ಗಟ್ಟಿಯಾದರೆ ಮರುದಿನ ತುದಿ ಸೀಳಿ ಒಂದು ಎಳೆಯ ಜಾಗದಲ್ಲಿ ಎರಡು ಬರುತ್ತವೆ. ಅಲ್ಲಿಂದಲೇ ಆ ದಿನದ ಸಿಟ್ಟು ಶುರು.

ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ನಡೆಯುವ ಕೆಲಸಕ್ಕೆ ಕಟ್ಟಿ. ‘ಡೇರಿಗೆ ಹಾಲು ಕೊಟ್ಟು ಬಂದು ಕಾಲು ತೊಳೆದ ಮೇಲೆ ಮಣೆಗೆ’ ಎಂದರೆ ಆಯಿತು. ಕರೆಂಟು ಹೋದರೂ ಹಾಲು ಕೊಡುವುದು ತಪ್ಪುವುದಿಲ್ಲ. ಮೊದಲ ಎರಡು ವಾರ 20 ನಿಮಿಷ, ಇಲ್ಲವೇ ಒಂದು ಬದಿಯ ಅಂಚು, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಏಳಿ. ಇನ್ನೂ ಬರೆಯಬೇಕು ಎನ್ನಿಸುವಾಗಲೇ ಏಳುವುದು ಮುಖ್ಯ. ಅರ್ಧಕ್ಕೆ ನಿಂತ ಕೆಲಸಕ್ಕೆ ಜನ ತಾವಾಗಿ ಮರಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಮರಿಯಾ ಒವ್‌ಸಿಯಾಂಕಿನಾ 1928ರಲ್ಲೇ ತೋರಿಸಿದ್ದರು. ಮೂರೆಳೆಯಲ್ಲಿ ಎರಡು ಮುಗಿಸಿ ಮೂರನೆಯದನ್ನು ನಾಳೆಗೆ ಬಿಡಿ. ಆದರೆ ಒಂದು ಎಳೆಯ ನಡುವೆ ನಿಲ್ಲಿಸಬೇಡಿ. ಇವತ್ತಿನ ಹಿಟ್ಟಿಗೂ ನಾಳೆಯದಕ್ಕೂ ಬಿಳುಪಿನಲ್ಲಿ ವ್ಯತ್ಯಾಸವಿರುತ್ತದೆ, ಕೂಡಿಸಿದ ಜಾಗ ಒಣಗಿದ ಮೇಲೆ ಎದ್ದು ಕಾಣುತ್ತದೆ. ಮೂಲೆಗೆ ತಂದು ನಿಲ್ಲಿಸಿ.

ಈಗ ನಿಮ್ಮ ಮುಂದಿರುವ ದಾರಿಗಳು. ಪೂರ್ತಿ ಬಿಡುವು ತೆಗೆದುಕೊಳ್ಳುವುದು ಒಂದು. ಕಾರವಾರ, ಅಂಕೋಲೆ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆ ನಿಲ್ಲಿಸುತ್ತವೆ. ಯಾವಾಗ ಮತ್ತೆ ಕಡಲಿಗಿಳಿಯಬೇಕೆಂಬುದು ನಿಲ್ಲಿಸುವ ದಿನವೇ ಎಲ್ಲರಿಗೂ ಗೊತ್ತು. ನಿಮ್ಮ ಬಿಡುವಿಗೂ ಅಂಥ ಕೊನೆಯ ದಿನ ಬೇಕು. ಮರಳುವ ದಿನ ಗೊತ್ತಿಲ್ಲದ ಬಿಡುವು ವರ್ಷಕ್ಕೆ ತಿರುಗುತ್ತದೆ, ಇದರ ಅಪಾಯ ಅದೇ.

ಅಜ್ಜಿಯ ದಾರಿ ಇನ್ನೊಂದು. ದಿನಾ ಎಂಬ ಹಟ ಬಿಟ್ಟು ಮದುವೆ, ಗೃಹಪ್ರವೇಶ, ಹಬ್ಬಕ್ಕೆ ಮಾತ್ರ ಬರೆಯುವುದು. ಮನಸ್ಸಿಗೆ ಇದರಷ್ಟು ಹಿತ ಬೇರೆಯಿಲ್ಲ. ಆದರೆ ವರಮಾನ ಒಮ್ಮೆ ಬಂದು ಒಮ್ಮೆ ನಿಲ್ಲುತ್ತದೆ. ಅಡಿಕೆ ಕೊಯ್ಲು ಮತ್ತು ಮದುವೆ ಸೀಸನ್ ಒಂದರ ಮೇಲೊಂದು ಬಿದ್ದರೆ ಕೈ ಸಾಲದು.

ದಿನಾ ಸ್ವಲ್ಪ ಸ್ವಲ್ಪ ಎಂಬ ಮೂರನೇ ದಾರಿ ಮೇಲೆ ಹೇಳಿದ್ದೇ. ಅದರಲ್ಲಿ ಕೈ ಉಳಿಯುತ್ತದೆ, ಮಾರಾಟ ನಿಧಾನ. ಸಾಕಷ್ಟು ಜನ ಒಂದು ವಾರ ಚೆನ್ನಾಗಿ ಹೋದ ಕೂಡಲೇ 20 ನಿಮಿಷವನ್ನು ಎರಡು ಗಂಟೆ ಮಾಡಿಕೊಂಡು ಮತ್ತೆ ಕೆಡುತ್ತಾರೆ.

ನಿಮಗೆ ನಾನು ಹೇಳುವುದು ಇವುಗಳ ಬೆರಕೆ. ಕಿಟಕಿಯ ಪಕ್ಕದ ಆ ಮೂರು ದಿನದ ಪ್ರಯೋಗ ಬಿಟ್ಟರೆ ಚೌತಿ ಮುಗಿಯುವವರೆಗೆ ಕುಂಚ ಮುಟ್ಟಬೇಡಿ. ಕಣ್ಣು ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ನಿದ್ದೆ ಮಾಡಿ. ಆಮೇಲೆ ವಾರಕ್ಕೆ ಐದೇ ದಿನ. ಒಂದು ಹಲಗೆಯನ್ನು ಮಾರದೆ, ಫೋಟೋ ಹಾಕದೆ, ನಿಮಗೆಂದೇ ಇಟ್ಟುಕೊಳ್ಳಿ. ಬೇಕಾದ ತೇರು, ಬೇಕಾದ ಬಾಸಿಂಗ, ತಪ್ಪಿದರೂ ಅಳಿಸುವವರಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಈ ಸಲ ಒಬ್ಬರೇ ಬರೆಯಬೇಡಿ, ಅತ್ತಿಗೆಯನ್ನೋ ನೆರೆಮನೆಯವರನ್ನೋ ಕರೆದು ಕೂರಿಸಿಕೊಳ್ಳಿ. ನೋಡಿ ತಪ್ಪು ಹುಡುಕುವವರು ಬೇಡ, ಪಕ್ಕದಲ್ಲಿ ಕೂತು ತಮ್ಮ ಕೆಲಸ ತಾವು ಮಾಡುವವರು ಸಾಕು. ಇನ್‌ಸ್ಟಾಗ್ರಾಮಿನ ಚಿಂತೆ ಬಿಡಿ. ಒಂದೇ ದಿನ ಹತ್ತು ಫೋಟೋ ತೆಗೆದು ಹತ್ತು ದಿನ ಹಾಕುವವರು ಅಲ್ಲಿ ಬಹಳ.

ಉಳಿದದ್ದು 60 ಹಲಗೆ. ಅದಕ್ಕೆ ನಾಲ್ಕು ಗಂಟೆಯಂತೆ 240 ಗಂಟೆ ಬೇಕು. ಚೌತಿಯಿಂದ ದೀಪಾವಳಿಗೆ ಸುಮಾರು ಎಂಟು ವಾರ. ಅಂಗಡಿಗೆ ಎರಡು ವಾರ ಮೊದಲೇ, ಅಂದರೆ ಭೂಮಿ ಹುಣ್ಣಿಮೆಯ ಹೊತ್ತಿಗೆ ತಲುಪಬೇಕು. ನಿಮ್ಮ ಕೈಯಲ್ಲಿರುವುದು ಆರು ವಾರ. ಮೊದಲೆರಡು ವಾರ ನಿಮ್ಮ ಹಲಗೆಗೆ 20 ನಿಮಿಷದಂತೆ ಕೊಟ್ಟರೆ ಆರ್ಡರಿಗೆ ಉಳಿಯುವುದು ನಾಲ್ಕು ವಾರ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಎಂದರೆ 30 ಗಂಟೆ. ಬುಡವನ್ನು ಒಟ್ಟಿಗೆ ಬಳಿದು ಹಲಗೆಗೆ ಮೂರೂವರೆ ಗಂಟೆಗೆ ಇಳಿಸಿಕೊಂಡರೂ ಎಂಟು ಹಲಗೆಗೆ 28 ಗಂಟೆ ಬೇಕು. ನವರಾತ್ರಿಗೆ ಉಳಿಯುವುದು ಎರಡು ಗಂಟೆ. ಅಲ್ಲಿಗೆ ಉತ್ಸಾಹ ಎಷ್ಟಿದ್ದರೂ 60 ಆಗದ ಮಾತು, ಮತ್ತೆ ರಾತ್ರಿ 12ರವರೆಗೆ ಕೂರದೆ.

ಹಾಗಾಗಿ ಅಂಗಡಿಯವರಿಗೆ ಫೋನ್ ಮಾಡಿ ಎಂಟು ಹಲಗೆ ಎನ್ನಿ, ನಾಲ್ಕರಂತೆ ಎರಡು ಕಂತು. ನಡುವಿನ ಚಿತ್ರ ಅವರು ಕೇಳಿದ್ದೇ ಇರಲಿ, ಸುತ್ತಲಿನ ಅಂಚು ಪ್ರತಿ ಹಲಗೆಗೂ ನಿಮ್ಮ ಇಷ್ಟದ್ದು. ಗಂಟೆಗೆ 125 ಹಿಡಿದರೆ ಮೂರೂವರೆ ಗಂಟೆಗೆ 437, ಸಾಮಾನಿಗೆ 60, ಹತ್ತಿರ ಹತ್ತಿರ 500 ರೂಪಾಯಿ. ಅರ್ಧ ದುಡ್ಡು, ಅಂದರೆ 2,000 ಮುಂಗಡ. ಅವರು ಒಪ್ಪದಿರಬಹುದು, ಬೇರೆ ಯಾರನ್ನಾದರೂ ಹುಡುಕಿಕೊಳ್ಳಬಹುದು. ಆ ನಷ್ಟಕ್ಕೆ ತಯಾರಿದ್ದೇ ಮಾತಾಡಿ. 350ಕ್ಕೇ ಬೇಕು, 60ಕ್ಕೆ 60 ಬೇಕು ಎಂದರೆ ಈ ವರ್ಷ ಬೇಡ ಎನ್ನಿ, ಬೇಸಿಗೆಗೆ ಕೇಳಿ ನೋಡುತ್ತೇನೆ ಎನ್ನಿ. ಫೋನ್ ಮಾಡುವಾಗ ಈ ಲೆಕ್ಕದ ಚೀಟಿ ಎದುರಿಗಿಟ್ಟುಕೊಂಡಿರಿ. ಅವರು ಎರಡು ಸಲ ‘ಅಕ್ಕಾ’ ಎಂದು ಕರೆದರೆ, ಆಯ್ತು 20 ಮಾಡಿಕೊಡ್ತೇನೆ ಎಂದು ಬಾಯಿಗೆ ಬಂದುಬಿಡುತ್ತದೆ.